ಹಳೆಯ ಬುಲೆಟ್ ಇಂಜಿನ್ನಿನ ಎಣ್ಣೆ ಸೋರಿಕೆ: ಕಾರಣ ಮತ್ತು ನಿವಾರಣೆ

ಗ್ರಾಮೀಣ ಪ್ರದೇಶಗಳಲ್ಲಿ ಮೋಟಾರು ಸೈಕಲ್ಲು ಕೇವಲ ಸವಾರಿಯ ವಾಹನವಲ್ಲ. ಬೆಳಗಿನ ಹಾಲಿನ ಕ್ಯಾನು ಡೇರಿಗೆ, ಗೊಬ್ಬರದ ಚೀಲ ಹೊಲಕ್ಕೆ, ಸೊಪ್ಪಿನ ಹೊರೆ ಸಂತೆಗೆ ಹೋಗುವುದು ಬಹುಮಟ್ಟಿಗೆ ಅದರ ಮೇಲೆಯೇ. ಇಂಥ ವಾಹನಗಳಲ್ಲಿ ಎರಕದ ಕಬ್ಬಿಣದ ಸಿಲಿಂಡರುಳ್ಳ ಹಳೆಯ ಬುಲೆಟ್ಟಿಗೆ ವಿಶೇಷ ಸ್ಥಾನವಿದೆ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಸ್ಥಾಪನೆಯಾದಂದಿನಿಂದ ಸುಮಾರು 2010ರವರೆಗೆ ಈ ಇಂಜಿನ್ನು ಮೂಲ ವಿನ್ಯಾಸದಲ್ಲಿ ಹೆಚ್ಚಿನ ಬದಲಾವಣೆಯಿಲ್ಲದೆ ತಯಾರಾಯಿತು. ಆದ್ದರಿಂದ ತಂದೆ ಕೊಂಡ ಗಾಡಿಯನ್ನು ಮಗ ಓಡಿಸುತ್ತಿರುವ ಮನೆಗಳು ಅನೇಕ ಇವೆ. ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ.

ಈ ಗಾಡಿಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಎಣ್ಣೆ ಸೋರಿಕೆ. “ಬುಲೆಟ್ಟು ಸೋರದಿದ್ದರೆ ಒಳಗೆ ಎಣ್ಣೆಯೇ ಇಲ್ಲವೆಂದು ತಿಳಿಯಬೇಕು” ಎಂದು ಮೆಕ್ಯಾನಿಕರು ತಮಾಷೆ ಮಾಡುವುದುಂಟು. ತಮಾಷೆಯೇನೋ ಸರಿಯೇ. ಆದರೆ ಸಾವಿರಾರು ರೂಪಾಯಿ ಖರ್ಚು ಮಾಡಿ, ಬೋರು ಮಾಡಿಸಿ, ಪಿಸ್ಟನ್ ಹಾಕಿಸಿ ತಂದ ಇಂಜಿನ್ನು ತಿಂಗಳೊಳಗೆ ಮತ್ತೆ ಅದೇ ಜಾಗದಲ್ಲಿ ಒಸರತೊಡಗಿದರೆ ಅದನ್ನು ಗಾಡಿಯ ಗುಣವೆಂದು ಒಪ್ಪಿಕೊಳ್ಳುವ ಅವಶ್ಯಕತೆ ಇಲ್ಲ. ಹೀಗಾಗಲು ಬಹುತೇಕ ಕಾರಣವೆಂದರೆ, ಎಣ್ಣೆ ಎಲ್ಲಿ ಹೊರಬಂತೋ ಅಲ್ಲಿಗೆ ಅಂಟು ಬಳಿಯುತ್ತೇವೆಯೇ ಹೊರತು ಅದನ್ನು ಹೊರಕ್ಕೆ ತಳ್ಳಿದ್ದು ಯಾವುದು ಎಂದು ನೋಡುವುದಿಲ್ಲ.

ಸೋರಿಕೆಯಿಂದ ಆಗುವ ನಷ್ಟವನ್ನು ಮೊದಲು ಲೆಕ್ಕ ಹಾಕೋಣ. ಹನಿ ನೀರಾವರಿ ಮಾಡುವ ರೈತರಿಗೆ ಈ ಲೆಕ್ಕ ಹೊಸದಲ್ಲ. ಒಂದು ಮಿ.ಲೀ. ಎಣ್ಣೆಗೆ ಸುಮಾರು 25 ಹನಿಗಳೆಂದು ಇಟ್ಟುಕೊಂಡರೆ, ನಿಮಿಷಕ್ಕೆ ಒಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ 1,440 ಹನಿ, ಅಂದರೆ 57 ಮಿ.ಲೀ.ಗಿಂತ ಹೆಚ್ಚು. ಈ ಇಂಜಿನ್ನಿನ ತೊಟ್ಟಿಯಲ್ಲಿ ಇರುವುದೇ ಸುಮಾರು 2¼ ಲೀಟರು. ಇಪ್ಪತ್ತು ದಿನ ಯಾರೂ ನೋಡದಿದ್ದರೆ ಅರ್ಧ ಎಣ್ಣೆ ನೆಲದ ಪಾಲು. ಉಳಿದ ಅರ್ಧವೇ ಎಲ್ಲ ಶಾಖವನ್ನೂ ಹೊತ್ತು ಬೇಗ ಕೆಡುತ್ತದೆ. ಕೊನೆಗೆ ಬಿಗ್ ಎಂಡ್ ಬೇರಿಂಗು ಒಣಗಿ ಕಚ್ಚಿಕೊಳ್ಳುತ್ತದೆ. ಅದಕ್ಕಿಂತಲೂ ಅಪಾಯಕಾರಿಯಾದುದು ಹಿಂಚಕ್ರದ ಟೈರಿಗೆ ಹತ್ತುವ ಎಣ್ಣೆ. ಎರಡೂ ಬದಿ ಹಾಲಿನ ಕ್ಯಾನು ಕಟ್ಟಿಕೊಂಡು ತಿರುವಿನಲ್ಲಿ ಗಾಡಿ ಬಾಗಿಸುವಾಗ ಟೈರಿನ ಅಂಚಿಗೆ ಎಣ್ಣೆ ಇದ್ದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ಎಣ್ಣೆಯ ಹಾದಿ

ಈ ಇಂಜಿನ್ನಿನಲ್ಲಿ ಎಣ್ಣೆಯ ತೊಟ್ಟಿ ಬೇರೆ, ಕ್ರ್ಯಾಂಕು ತಿರುಗುವ ಕೋಣೆ ಬೇರೆ. ಎರಡೂ ಒಂದೇ ಎರಕದಲ್ಲಿ ಅಕ್ಕಪಕ್ಕ ಇವೆ. ಬಲಬದಿಯ ಟೈಮಿಂಗ್ ಕವರಿನಲ್ಲಿ ಎರಡು ಪಂಪುಗಳಿವೆ. ಒಂದು ಪಂಪು ತೊಟ್ಟಿಯಿಂದ ಎಣ್ಣೆಯನ್ನು ಫಿಲ್ಟರಿನ ಮೂಲಕ ಬಿಗ್ ಎಂಡಿಗೆ ಕಳಿಸುತ್ತದೆ. ಇನ್ನೊಂದು, ಕೆಳಗೆ ಇಳಿದ ಎಣ್ಣೆಯನ್ನು ಎತ್ತಿ ತೊಟ್ಟಿಗೆ ಮರಳಿಸುತ್ತದೆ. ಹೆಡ್ಡಿನ ಮೇಲಿರುವ ರಾಕರುಗಳಿಗೆ ಹೊರಗಿನ ಸಣ್ಣ ಕೊಳವೆಗಳ ಮೂಲಕ ಎಣ್ಣೆ ಹೋಗುತ್ತದೆ. ಅಲ್ಲಿಂದ ಅದು ಪುಶ್‌ರಾಡುಗಳು ಓಡಾಡುವ ಸುರಂಗದಲ್ಲಿ ತನ್ನಷ್ಟಕ್ಕೆ ಕೆಳಗಿಳಿಯುತ್ತದೆ. ಗಮನಿಸಬೇಕಾದ ಅಂಶವೆಂದರೆ ಮೇಲಿನಿಂದ ಇಳಿಯುವ ಎಣ್ಣೆಗೆ ಒತ್ತಡವೇ ಇಲ್ಲ. ಒತ್ತಡವಿಲ್ಲದ ಎಣ್ಣೆ ರಾಕರ್ ಕವರಿನಿಂದಲೂ ಟ್ಯಾಪೆಟ್ ಕವರಿನಿಂದಲೂ ರಭಸದಿಂದ ಹೊರಬರುತ್ತಿದ್ದರೆ ಬೇರೆ ಯಾವುದೋ ಒತ್ತಡ ಅದನ್ನು ತಳ್ಳುತ್ತಿರಬೇಕು.

ಕೋಡಿ ಮುಚ್ಚಿದ ಕೆರೆ

ಆ ಒತ್ತಡ ಗಾಳಿಯದು. ಇಂಜಿನ್ನಿನ ಗಾತ್ರ 346 ಸಿ.ಸಿ. ಪಿಸ್ಟನ್ನು ಒಮ್ಮೆ ಕೆಳಗಿಳಿದಾಗ ಅಷ್ಟೇ ಗಾತ್ರದ ಗಾಳಿಯನ್ನು ಕೆಳಗಿನ ಕೋಣೆಯಲ್ಲಿ ಅದುಮುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 17 ಲೀಟರು ಗಾಳಿಯ ಅಲುಗಾಟ. ಇದರ ಜೊತೆಗೆ, ಸವೆದ ರಿಂಗುಗಳ ಪಕ್ಕದಿಂದ ಉರಿದ ಅನಿಲವೂ ನುಸುಳಿ ಕೆಳಗೆ ಸೇರುತ್ತದೆ. ಇದೆಲ್ಲ ಹೊರಹೋಗಲೆಂದು ತಯಾರಕರು ಬ್ರೀದರನ್ನು ಇಟ್ಟಿದ್ದಾರೆ. ಇದು ಒಮ್ಮುಖ ಕವಾಟ. ಪಿಸ್ಟನ್ನು ಇಳಿದಾಗ ಗಾಳಿ ಹೊರಗೆ ಹೋಗಬೇಕು, ಏರಿದಾಗ ಒಳಗೆ ಬರಬಾರದು. ಹೀಗಾದಾಗ ಕೋಣೆಯೊಳಗಿನ ಒತ್ತಡ ಸರಾಸರಿಯಲ್ಲಿ ಹೊರಗಿನದಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಆಗ ಸಂದುಗಳಲ್ಲಿ ಎಣ್ಣೆ ಹೊರಕ್ಕೆ ಬರುವುದಿರಲಿ, ಒಳಕ್ಕೇ ಎಳೆದುಕೊಂಡಂತೆ ಇರುತ್ತದೆ.

ಕೆರೆಯ ಕೋಡಿಗೆ ಕಸ ಸಿಕ್ಕಿಕೊಂಡಾಗ ಏರಿ ಜಿನುಗುವುದನ್ನು ನೋಡಿದ ರೈತರು ಏರಿಗೆ ಮಣ್ಣು ಮೆತ್ತುವುದಿಲ್ಲ. ಮೊದಲು ಕೋಡಿ ಬಿಡಿಸುತ್ತಾರೆ. ಬ್ರೀದರೇ ಈ ಇಂಜಿನ್ನಿನ ಕೋಡಿ. ಅದು ಕಟ್ಟಿದರೆ ಒತ್ತಡಕ್ಕೆ ಎಲ್ಲಿ ಸಂದು ದುರ್ಬಲವೋ ಅಲ್ಲಿ ಎಣ್ಣೆ ಹೊರಬರುತ್ತದೆ. ಒಂದು ಕಡೆ ಅಂಟು ಹಾಕಿ ಮುಚ್ಚಿದರೆ ಇನ್ನೊಂದು ಕಡೆ. ಅಷ್ಟಾದರೂ ಗಾಡಿ ಬಿಚ್ಚಿದಾಗಲೆಲ್ಲ ಗ್ಯಾಸ್ಕೆಟ್ ಸೆಟ್ಟು ಹೊಸದು ಬರುತ್ತದೆ, ಬ್ರೀದರು ಮಾತ್ರ ಹಳೆಯದೇ ಉಳಿಯುತ್ತದೆ.

ಬ್ರೀದರಿನ ಕೊಳವೆ ಇಂಜಿನ್ನಿನ ಎಡಬದಿಯಲ್ಲಿ ಸಿಲಿಂಡರಿನ ಬುಡದ ಸಮೀಪ ಹೊರಡುತ್ತದೆ. ಹಳೆಯ ಮಾದರಿಗಳಲ್ಲಿ ತೆಳುವಾದ ತಗಡಿನ ಬಿಲ್ಲೆ ಕವಾಟದ ಕೆಲಸ ಮಾಡುತ್ತದೆ. ಈಚಿನವುಗಳಲ್ಲಿ ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರ್ ತುದಿ ಇರುತ್ತದೆ. ಬಿಲ್ಲೆಯ ಕೆಳಗೆ ಕಿಟ್ಟ ಕಟ್ಟಿದರೂ, ರಬ್ಬರು ಗಟ್ಟಿಯಾಗಿ ಬಾಯಿ ಬಿಟ್ಟುಕೊಂಡರೂ ಕವಾಟ ನಿಷ್ಪ್ರಯೋಜಕ. ರಬ್ಬರ್ ತುದಿಯ ಬೆಲೆ ಅತ್ಯಲ್ಪ. ಪ್ರತಿ ಸಲ ಹೊಸದನ್ನೇ ಹಾಕತಕ್ಕದ್ದು. ಕೊಳವೆ ಎಲ್ಲಿಯೂ ಮಡಚಿಕೊಳ್ಳದಂತೆ, ಅದರ ಕೊನೆ ಟೈರಿನ ಮೇಲೆ ಬಾರದಂತೆ ಒಂದು ಸಣ್ಣ ಡಬ್ಬಿಗೆ ಬಿಡುವುದು ಲೇಸು.

ಪರೀಕ್ಷೆ ಸುಲಭ. ಇಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಕೊಳವೆಯ ತುದಿಗೆ ಒದ್ದೆ ಹೆಬ್ಬೆರಳನ್ನು ಹಗುರವಾಗಿ ಹಿಡಿದರೆ ‘ಪುಸ್ ಪುಸ್’ ಎಂದು ಹೊರಕ್ಕೆ ಊದುವುದು ಮಾತ್ರ ತಿಳಿಯಬೇಕು, ಒಳಕ್ಕೆ ಎಳೆಯುವುದು ತಿಳಿಯಬಾರದು. ಕೆಲವರು ತುದಿಯನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾರೆ. ಇದು ಸಲ್ಲದು. ಕವಾಟ ಕೆಟ್ಟಿದ್ದರೆ ನೀರು ಇಂಜಿನ್ನಿನೊಳಗೆ ಸೇರುತ್ತದೆ.

ಬ್ರೀದರು ಸರಿಯಾಗಿದ್ದೂ ಒಂದೇ ಸಮನೆ ಹೊಗೆ ಉಗುಳುತ್ತಿದ್ದರೆ ರಿಂಗು ಅಥವಾ ಬೋರು ಸವೆದಿದೆ ಎಂದರ್ಥ. ಡಿಕಂಪ್ರೆಸರ್ ಒತ್ತದೆ, ಕಿಕ್ಕಿನ ಮೇಲೆ ಮೈಭಾರ ಬಿಟ್ಟು ನಿಂತರೆ ಅದು ಕೆಲ ಕ್ಷಣ ತಡೆದು ನಂತರ ಮೆಲ್ಲಗೆ ಇಳಿಯಬೇಕು. ತಡೆಯೇ ಇಲ್ಲದೆ ಇಳಿದರೆ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು, ನಾಲ್ಕು ಸಲ ತಿರುಗಿಸಿ, ಪ್ಲಗ್ಗು ಹಾಕಿ ಮತ್ತೆ ನೋಡಬೇಕು. ಈಗ ತಡೆ ಬಂದರೆ ದೋಷ ರಿಂಗಿನದು, ಬರದಿದ್ದರೆ ವಾಲ್ವಿನದು. ದೋಷ ರಿಂಗಿನಲ್ಲಿದ್ದಾಗ ಹೊರಗಿನ ಗ್ಯಾಸ್ಕೆಟ್ಟುಗಳಿಗೆ ಹಣ ಸುರಿಯುವುದು ವ್ಯರ್ಥ. ಹೊಸ ರಿಂಗು ಹಾಕುವಾಗ ಅದನ್ನು ಮೊದಲು ಬೋರಿನೊಳಗೆ ಇಟ್ಟು ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. 70 ಮಿ.ಮೀ. ಬೋರಿಗೆ ಇದು ಸುಮಾರು 0.3 ಮಿ.ಮೀ. ಇರುವುದು ವಾಡಿಕೆ. ಅಳೆಯದೆ ಹಾಕಿದ ರಿಂಗು ಹೊಸದಾದರೂ ಅನಿಲ ಬಿಡಬಹುದು, ಇಲ್ಲವೇ ಬಿಸಿಯಾಗಿ ಹಿಗ್ಗಿ ಬೋರನ್ನು ಕೆರೆಯಬಹುದು.

ಬಿಚ್ಚುವ ಮುನ್ನ

ಇಡೀ ಇಂಜಿನ್ನಿಗೆ ಎಣ್ಣೆ ಮೆತ್ತಿಕೊಂಡಿರುವಾಗ ಮೂಲ ಹುಡುಕುವುದು ಅಸಾಧ್ಯ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಕುಂಚದಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಅನಂತರ ಅನುಮಾನವಿರುವ ಸಂದುಗಳ ಮೇಲೆ ಸೀಮೆಸುಣ್ಣದ ಪುಡಿಯನ್ನಾಗಲಿ ಮುಖಕ್ಕೆ ಹಚ್ಚುವ ಪೌಡರನ್ನಾಗಲಿ ತೆಳ್ಳಗೆ ಉದುರಿಸಿ ಐದಾರು ಕಿ.ಮೀ. ಓಡಿಸಿ ಬರಬೇಕು. ಎಣ್ಣೆ ಭಾರದಿಂದ ಕೆಳಕ್ಕೂ ಗಾಳಿಯಿಂದ ಹಿಂದಕ್ಕೂ ಹರಿಯುತ್ತದೆ. ಆದ್ದರಿಂದ ಅತಿ ಮೇಲೆ ಮತ್ತು ಅತಿ ಮುಂದೆ ಒದ್ದೆಯಾದ ಜಾಗವೇ ಮೂಲ. ಇಂಜಿನ್ನಿನ ಕೆಳಗೆ ಹನಿ ಬೀಳುತ್ತಿದೆಯೆಂದು ಡ್ರೈನ್ ಪ್ಲಗ್ಗನ್ನೇ ಬಿಗಿದು ಬಿಗಿದು ಮರೆ ಕೆಡಿಸಿದ ಉದಾಹರಣೆಗಳು ಬಹಳ. ಸೋರಿಕೆ ಇದ್ದದ್ದು ರಾಕರ್ ಕೊಳವೆಯಲ್ಲಿ!

ಇನ್ನೊಂದು ಸಂಗತಿ. ಬಹಳ ದಿನ ನಿಂತ ಗಾಡಿಯಲ್ಲಿ ತೊಟ್ಟಿಯ ಎಣ್ಣೆ ಸವೆದ ಪಂಪಿನ ಮೂಲಕ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಆಗ ಕಡ್ಡಿ ಹಾಕಿ ನೋಡಿದರೆ ತೊಟ್ಟಿ ಖಾಲಿ ಕಾಣುತ್ತದೆ. ಮೇಲೆ ಇನ್ನೊಂದು ಲೀಟರು ಸುರಿದು ಸ್ಟಾರ್ಟ್ ಮಾಡಿದರೆ ಹೆಚ್ಚಾದ ಎಣ್ಣೆ ಬ್ರೀದರಿನಿಂದ ಉಕ್ಕುತ್ತದೆ. ಇದು ಸೋರಿಕೆಯಲ್ಲ, ಅಳತೆಯ ತಪ್ಪು. ನಿಂತ ಗಾಡಿಯನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿದ ಮೇಲೆಯೇ ಮಟ್ಟ ನೋಡಬೇಕು. ಒಂದೇ ರಾತ್ರಿಯಲ್ಲಿ ತೊಟ್ಟಿ ಬರಿದಾಗುತ್ತಿದ್ದರೆ ಪಂಪಿನ ಬಿಲ್ಲೆಯನ್ನು ಅದರ ಪೀಠದ ಮೇಲೆ ನಯವಾದ ಗ್ರೈಂಡಿಂಗ್ ಪೇಸ್ಟಿನಿಂದ ಉಜ್ಜಿ ಕೂರಿಸಬೇಕು. ಉಜ್ಜಿದ ಮೇಲೆ ಪೇಸ್ಟಿನ ಕಣವೂ ಉಳಿಯದಂತೆ ತೊಳೆಯುವುದು ಅತ್ಯವಶ್ಯ.

ಮೈ ಸಮವಿರಲಿ

ಒತ್ತಡದ ವಿಷಯ ಮುಗಿದ ಮೇಲೆ ಎರಡನೆಯದು ಕೂಡುವ ಮೈಗಳು. ಹಳೆಯ ಇಂಜಿನ್ನುಗಳ ಅಲ್ಯೂಮಿನಿಯಂ ಕವರುಗಳನ್ನು ನೋಡಿದರೆ ಎಷ್ಟು ಜನ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದ್ದಾರೆಂದು ಎಣಿಸಬಹುದು. ಪ್ರತಿ ಗೀರೂ ಎಣ್ಣೆಗೆ ಒಂದು ಕಾಲುವೆ. ಕವರು ಅಂಟಿಕೊಂಡಿದ್ದರೆ ಸುತ್ತಲೂ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಟೈಮಿಂಗ್ ಕವರಿನ ಸ್ಕ್ರೂಗಳ ಉದ್ದ ಒಂದೇ ಅಲ್ಲ. ಒಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದರ ಜಾಗಕ್ಕೇ ಚುಚ್ಚಿಡುವ ಹಳೆಯ ಮೆಕ್ಯಾನಿಕರ ಪದ್ಧತಿ ಉತ್ತಮವಾದುದು. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ತಳ ಮುಟ್ಟಿ ಬಿಗಿಯಾದಂತೆ ತೋರುತ್ತದೆ, ಕವರು ಮಾತ್ರ ಸಡಿಲವಾಗಿಯೇ ಇರುತ್ತದೆ.

ಹಳೆಯ ಗ್ಯಾಸ್ಕೆಟ್ಟನ್ನು ಉಕ್ಕಿನ ಚಾಕುವಿನಿಂದ ಕೆರೆಯಬಾರದು. ಥಿನ್ನರಿನಲ್ಲಿ ನೆನೆಸಿ, ಬಿದಿರಿನ ಇಲ್ಲವೆ ಗಟ್ಟಿ ಪ್ಲಾಸ್ಟಿಕ್ಕಿನ ಚಕ್ಕೆಯಿಂದ ತೆಗೆಯುವುದು. ಅನಂತರ ದಪ್ಪನೆಯ ಗಾಜಿನ ಹಲಗೆಯ ಮೇಲೆ 220 ನಂಬರಿನ ವಾಟರ್ ಪೇಪರ್ ಹರಡಿ, ಸೀಮೆಎಣ್ಣೆ ಚಿಮುಕಿಸಿ, ಕವರಿನ ಮೈಯನ್ನು 8ರ ಆಕಾರದಲ್ಲಿ ಹಗುರವಾಗಿ ಉಜ್ಜಬೇಕು. ಮೊದಲೇ ಮೈಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರೆ ಎಲ್ಲಿ ಗೆರೆ ಉಳಿಯಿತೋ ಅದು ತಗ್ಗು ಎಂದು ತಿಳಿಯುತ್ತದೆ. ಗೆರೆಯೆಲ್ಲ ಅಳಿದ ಮೇಲೆ 400 ನಂಬರಿನಿಂದ ಮುಗಿಸಬಹುದು. ಇದಕ್ಕೆ ಅರ್ಧ ಗಂಟೆ ಬೇಕು. ಗ್ಯಾರೇಜಿನವರು ಕೊಡದೆ ಬಿಡುವುದು ಈ ಅರ್ಧ ಗಂಟೆಯನ್ನೇ. ಆದ್ದರಿಂದ ಕವರುಗಳನ್ನು ಮನೆಗೆ ತಂದು ತಾವೇ ಉಜ್ಜಿಕೊಂಡರೂ ಆಗುತ್ತದೆ.

ಉಜ್ಜುವ ಮುನ್ನ ತೂತುಗಳ ಸುತ್ತ ನೋಡಬೇಕು. ಅತಿಯಾಗಿ ಬಿಗಿದ ಕಡೆ ಮರೆಯ ಮೊದಲ ಸುತ್ತು ಮೇಲಕ್ಕೆದ್ದು ತೂತಿನ ಬಾಯಲ್ಲಿ ಸಣ್ಣ ಬದು ಎದ್ದಿರುತ್ತದೆ. ಇದೊಂದೇ ಸಾಕು, ಸುತ್ತಲಿನ ಮೈ ಕೂಡದಂತೆ ತಡೆಯಲು. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಒಂದು ಸುತ್ತು ತಿರುಗಿಸಿದರೆ ಬದು ಹೋಗುತ್ತದೆ. ಮರೆಯೇ ಕಿತ್ತು ಹೋಗಿದ್ದರೆ ದಾರ ಸುತ್ತಿ, ಅಂಟು ತುಂಬಿ ಸ್ಕ್ರೂ ಕೂರಿಸುವ ಉಪಾಯಗಳು ಬೇಡ. ಲೇತಿನವರಲ್ಲಿ ಸ್ಪ್ರಿಂಗಿನಂಥ ಉಕ್ಕಿನ ಮರೆ ಹಾಕಿಸುವುದೇ ಶಾಶ್ವತ ಪರಿಹಾರ.

ಒಂದು ಎಚ್ಚರಿಕೆ ಇದೆ. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಹೀಗೆ ಗಾಜಿನ ಮೇಲೆ ಉಜ್ಜಬಾರದು. ಅವು ತೆಳುವಾದರೆ ಕ್ರ್ಯಾಂಕಿಗೆ ಬೇಕಾದ ಅಕ್ಕಪಕ್ಕದ ಬಿಡುವು ಕಡಿಮೆಯಾಗುತ್ತದೆ. ಅಲ್ಲಿ ಎದ್ದ ಗೀರುಗಳನ್ನಷ್ಟೇ ನಯವಾದ ಕಲ್ಲಿನಿಂದ ಸಮ ಮಾಡಿದರೆ ಸಾಕು.

ಗ್ಯಾಸ್ಕೆಟ್ಟು ಮತ್ತು ಅಂಟು

ಅಂಟು ಹೆಚ್ಚಾದಷ್ಟೂ ಭದ್ರ ಎಂಬುದು ತಪ್ಪು ತಿಳಿವಳಿಕೆ. ಅಂಗಡಿಗಳಲ್ಲಿ ಸಿಗುವ ಸಿಲಿಕೋನ್ ಅಂಟು ಒಳ್ಳೆಯದೇ, ಆದರೆ ಬೆರಳಿನಷ್ಟು ದಪ್ಪ ಹಾಕಿದರೆ ಬಿಗಿದಾಗ ಅರ್ಧ ಹೊರಕ್ಕೂ ಅರ್ಧ ಒಳಕ್ಕೂ ಹಿಂಡಿಕೊಳ್ಳುತ್ತದೆ. ಹೊರಗಿನದು ಕಣ್ಣಿಗೆ ಕಾಣುವುದರಿಂದ ಒರೆಸುತ್ತೇವೆ. ಒಳಗಿನದು ಹುಳುವಿನಂತೆ ನೇತಾಡಿ, ಒಂದು ದಿನ ಕಳಚಿ, ಎಣ್ಣೆಯ ಸಣ್ಣ ತೂತಿಗೆ ಹೋಗಿ ಕೂರುತ್ತದೆ. ಡ್ರಿಪ್ ಪೈಪಿನ ಬಾಯಲ್ಲಿ ಪಾಚಿ ಕೂತರೆ ಒಂದು ಗಿಡ ಒಣಗೀತು, ಇಲ್ಲಿ ಬಿಗ್ ಎಂಡೇ ಹೋಗುತ್ತದೆ. ಸೋರಿಕೆಯಿಂದ ಕೆಟ್ಟ ಇಂಜಿನ್ನುಗಳಿಗಿಂತ ಸೋರಿಕೆ ನಿಲ್ಲಿಸುವ ಅಂಟಿನಿಂದ ಕೆಟ್ಟ ಇಂಜಿನ್ನಿನ ರಿಪೇರಿ ಹೆಚ್ಚು ದುಬಾರಿ.

ಕ್ರ್ಯಾಂಕ್‌ಕೇಸಿನ ಹೋಳುಗಳ ನಡುವೆ ಕಾಗದದ ಗ್ಯಾಸ್ಕೆಟ್ಟು ಇಲ್ಲ. ಅಲ್ಲಿ ಅಂಟೇ ಬೇಕು. ಎರಡೂ ಮೈಗಳನ್ನು ಥಿನ್ನರಿನಿಂದ ಒರೆಸಿ ಜಿಡ್ಡು ತೆಗೆದು, ಒಂದು ಮೈಗೆ ಮಾತ್ರ ಉಗುರಿನಿಂದ ಸವರಿದಷ್ಟು ತೆಳ್ಳಗೆ ಹಚ್ಚಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಸಿಲಿಂಡರಿನ ಬುಡ, ಟೈಮಿಂಗ್ ಕವರು, ರಾಕರ್ ಕವರು ಇವುಗಳಿಗೆ ಗ್ಯಾಸ್ಕೆಟ್ಟಿದೆ. ಮೈ ಸಮವಾಗಿದ್ದರೆ ಇಲ್ಲಿ ಅಂಟು ಬೇಡವೇ ಬೇಡ. ಟೈಮಿಂಗ್ ಕವರಿನ ಕಾಗದಕ್ಕೆ ಎರಡೂ ಕಡೆ ಗ್ರೀಸು ಸವರಿದರೆ ಮುಂದೆ ಬಿಚ್ಚುವಾಗ ಹರಿಯದೆ ಬರುತ್ತದೆ. ಪಂಪಿನ ಮುಚ್ಚಳಗಳಿಗಂತೂ ಅಂಟು ನಿಷಿದ್ಧ. ಗ್ಯಾಸ್ಕೆಟ್ಟಿನ ತೂತುಗಳು ಎರಕದ ತೂತುಗಳಿಗೆ ಸರಿಹೊಂದುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡಿಯೇ ಹಾಕಬೇಕು. ಅಗ್ಗದ ಸೆಟ್ಟುಗಳಲ್ಲಿ ತೂತು ಅರ್ಧ ಮುಚ್ಚಿರುವುದುಂಟು.

ಟೈಮಿಂಗ್ ಕವರು ತೆಗೆದಾಗ ಅದರ ಒಳಗಡೆ, ಎಣ್ಣೆ ಕ್ರ್ಯಾಂಕಿನ ತುದಿಗೆ ಸೇರುವ ಜಾಗದಲ್ಲಿ ಇರುವ ಬೆಂಡಿನ ಸೀಲನ್ನು ತಪ್ಪದೆ ಬದಲಿಸಬೇಕು. ಇಲ್ಲಿನ ಸೋರಿಕೆ ಹೊರಗೆ ಒಂದು ಹನಿಯನ್ನೂ ತೋರಿಸುವುದಿಲ್ಲ. ಪಂಪು ಕಳಿಸಿದ ಎಣ್ಣೆ ಬಿಗ್ ಎಂಡಿಗೆ ಹೋಗದೆ ಅಲ್ಲೇ ಜಾರಿ ಕೆಳಗಿಳಿಯುತ್ತದೆ. ನೆಲ ಒಣಗಿರುತ್ತದೆ, ಮಾಲೀಕರು ಸಂತೋಷವಾಗಿರುತ್ತಾರೆ, ಬೇರಿಂಗು ಮಾತ್ರ ಉಪವಾಸ. ಹೊಸ ಬೆಂಡನ್ನು ಎಣ್ಣೆಯಲ್ಲಿ ನೆನೆಸಿ ಹಾಕಬೇಕು. ಕವರು ಮುಚ್ಚುವಾಗ ಅದು ತುಸು ಒತ್ತಿಕೊಂಡು ಕೂರುವಷ್ಟು ಎತ್ತರ ಇರಬೇಕು. ಪಕ್ಕದಲ್ಲೇ ಇರುವ, ಪಂಪು ತಿರುಗಿಸುವ ವರ್ಮ್ ನಟ್ಟಿನ ಮರೆ ಎಡಮರೆ ಎಂಬುದನ್ನು ಬಿಚ್ಚುವವರು ನೆನಪಿಡಬೇಕು.

ಎಡಬದಿಯ ಚೈನ್‌ಕೇಸು

ಅತಿ ಹೆಚ್ಚು ದೂರು ಬರುವ ಜಾಗ ಇದು. ಕ್ಲಚ್ಚು ಮತ್ತು ಚೈನನ್ನು ಮುಚ್ಚುವ ಇಷ್ಟಗಲದ ಕವರನ್ನು ಹಿಡಿದಿರುವುದು ನಡುವಿನ ಒಂದೇ ನಟ್ಟು. ಅಂಚಿನ ಸುತ್ತ ರಬ್ಬರಿನ ಉಂಗುರವಿದೆ. ಸೋರಿತೆಂದು ನಟ್ಟನ್ನು ಬಿಗಿದಷ್ಟೂ ಕವರಿನ ಹೊಟ್ಟೆ ಒಳಕ್ಕೆ ಹೋಗಿ ಅಂಚು ಬಾಯಿ ಬಿಡುತ್ತದೆ, ಸೋರಿಕೆ ಹೆಚ್ಚುತ್ತದೆ. ಮತ್ತೆ ಬಿಗಿಯುತ್ತಾರೆ! ಹೀಗೆ ಸೊಟ್ಟಗಾದ ಕವರನ್ನು ಗಾಜಿನ ಮೇಲೆ ಇಟ್ಟು ಅಂಚಿನಲ್ಲಿ ಎಲ್ಲಿ ಬೆಳಕು ಕಾಣುತ್ತದೆ ನೋಡಿ ಸರಿಪಡಿಸಬೇಕು. ಹೊಸ ಉಂಗುರ ಹಾಕಿ, ಅದು ಎಲ್ಲ ಕಡೆ ಗಾಡಿಯಲ್ಲಿ ಸರಿಯಾಗಿ ಕೂತಿದೆಯೆಂದು ಬೆರಳಿನಿಂದ ಸವರಿ ನೋಡಿ, ನಟ್ಟನ್ನು ಕವರು ಅಲುಗದಷ್ಟಕ್ಕೆ ಬಿಗಿದು ನಿಲ್ಲಿಸತಕ್ಕದ್ದು. ಒಳಗಿನ ಎಣ್ಣೆ ಅರ್ಧ ಲೀಟರಿಗಿಂತ ಕಡಿಮೆಯೇ ಸಾಕು. ಕವರಿನಲ್ಲೇ ಮಟ್ಟದ ಸ್ಕ್ರೂ ಇದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಆ ತೂತಿನಿಂದ ಎಣ್ಣೆ ಇಣುಕುವವರೆಗೆ ಮಾತ್ರ ಹಾಕಬೇಕು.

ಕೆಲವು ಗಾಡಿಗಳಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಎಣ್ಣೆ ಇಲ್ಲಿ ಸಿಗುತ್ತದೆ, ಕ್ಲಚ್ಚೂ ಜಾರುತ್ತದೆ. ಆಗ ಕವರನ್ನು ದೂರಿ ಫಲವಿಲ್ಲ. ಇಂಜಿನ್ನಿನ ಎಣ್ಣೆ ಸ್ಪ್ರಾಕೆಟ್ಟಿನ ಹಿಂದಿನ ಆಯಿಲ್ ಸೀಲನ್ನು ದಾಟಿ ಇತ್ತ ಬರುತ್ತಿದೆ. ತೊಟ್ಟಿಯಲ್ಲಿ ಕಡಿಮೆಯಾದದ್ದು ಇಲ್ಲಿ ಹೆಚ್ಚಾಗಿರುತ್ತದೆ. ಬ್ರೀದರು ಕಟ್ಟಿದ್ದರೆ ಹೊಸ ಸೀಲು ಕೂಡ ಬಹಳ ದಿನ ತಡೆಯದು. ಸೀಲು ಹಾಕುವಾಗ ಸಣ್ಣ ಸ್ಪ್ರಿಂಗು ಇರುವ ಬಾಯಿ, ತಡೆಯಬೇಕಾದ ಎಣ್ಣೆಯ ಕಡೆಗೆ ಇರಬೇಕು. ಸೀಲು ಕೂರುವ ಜಾಗದಲ್ಲಿ ಉಕ್ಕಿನ ಮೇಲೆ ಉಗುರಿಗೆ ತಡೆಯುವಷ್ಟು ಗೀರು ಬಿದ್ದಿದ್ದರೆ, ಬಾಯಿ ಆ ಗೀರಿನ ಮೇಲೆ ಬಾರದಂತೆ ಒಂದೆರಡು ಮಿ.ಮೀ. ಆಚೀಚೆ ಕೂರಿಸಬೇಕು, ಇಲ್ಲವೆ ಆ ಭಾಗವನ್ನೇ ಬದಲಿಸಬೇಕು. ಬಾಯಿಗೆ ಎಣ್ಣೆ ಸವರಿ, ಚೂಪಾದ ಅಂಚುಗಳಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ತೂರಿಸಿದರೆ ಹೊಸ ಸೀಲು ಹಾಕುವಾಗಲೇ ಕತ್ತರಿಸುವುದು ತಪ್ಪುತ್ತದೆ.

ಇತರ ಸಣ್ಣ ಜಾಗಗಳು

ರಾಕರ್ ಕೊಳವೆಗಳ ಬ್ಯಾಂಜೋ ಬೋಲ್ಟಿನ ಎರಡೂ ಬದಿ ತಾಮ್ರದ ವಾಷರುಗಳಿವೆ. ಒಮ್ಮೆ ಬಿಗಿದ ತಾಮ್ರ ಗಡಸಾಗುತ್ತದೆ, ಮತ್ತೆ ಕೂರುವುದಿಲ್ಲ. ಅದನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕನ್ನು ಹೀಗೆ ಮಾಡಿದರೆ ಗಡಸಾಗುತ್ತದೆ, ತಾಮ್ರದ ಗುಣ ಅದಕ್ಕೆ ವಿರುದ್ಧ. ಟ್ಯಾಪೆಟ್ ಕವರಿಗೂ ಒಂದೇ ನಟ್ಟು. ಚೈನ್‌ಕೇಸಿಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ. ಡ್ರೈನ್ ಪ್ಲಗ್ಗುಗಳ ಫೈಬರ್ ವಾಷರನ್ನು ಪ್ರತಿ ಸಲ ಹೊಸದು ಹಾಕಬೇಕು.

ಹಳೆಯ ನಾಲ್ಕು ಗೇರಿನ ಗೇರ್‌ಬಾಕ್ಸಿನಲ್ಲಿ ತೆಳು ಎಣ್ಣೆಯನ್ನಷ್ಟೇ ತುಂಬಿದರೆ ಅದು ಸೋರುವುದು ಸಹಜ. ಅದರ ರಚನೆಯೇ ಅರೆದ್ರವ ಗ್ರೀಸಿಗೆಂದು ಆಗಿದೆ. ಅರೆದ್ರವ ಗ್ರೀಸಿಗೆ ಸ್ವಲ್ಪ ಗೇರ್ ಎಣ್ಣೆ ಬೆರೆಸಿ ಹಾಕುವುದು ರೂಢಿ. ಇಂಜಿನ್ನಿಗೆ ಮಾತ್ರ ಸೋರುತ್ತದೆಂದು ದಪ್ಪ ಎಣ್ಣೆ ಹಾಕಬಾರದು. ಬೆಳಗಿನ ಚಳಿಯಲ್ಲಿ ಅದು ಬೇರಿಂಗು ಮುಟ್ಟುವುದೇ ತಡವಾಗುತ್ತದೆ. 20ಡಬ್ಲ್ಯೂ-50 ದರ್ಜೆಯದು ನಮ್ಮ ಹವೆಗೆ ಸರಿ.

ಜಾವಾ, ಯೆಜ್ಡಿ ಇರುವವರಿಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಗಾಡಿಗಳು ನಮ್ಮ ಕಡೆ ಇನ್ನೂ ಸಾಕಷ್ಟು ಓಡುತ್ತಿವೆ. ಇವು ಎರಡು ಸ್ಟ್ರೋಕಿನವು. ಇವುಗಳಲ್ಲಿ ಕ್ರ್ಯಾಂಕ್‌ಕೇಸು ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಎಳೆದು ತಳ್ಳುವ ಪಂಪೂ ಹೌದು. ಆದ್ದರಿಂದ ಬ್ರೀದರಿನ ಮಾತು ಇಲ್ಲಿಗೆ ಅನ್ವಯಿಸದು. ಇವುಗಳ ಎಡಬದಿಯ ಕ್ರ್ಯಾಂಕ್ ಸೀಲು ಹೋದರೆ ಗೇರ್ ಎಣ್ಣೆ ನೆಲಕ್ಕೆ ಬೀಳದೆ ಒಳಕ್ಕೆ ಎಳೆದುಕೊಂಡು ದಟ್ಟ ಬಿಳಿ ಹೊಗೆಯಾಗಿ ಹೋಗುತ್ತದೆ. ಡೈನಮೋ ಕಡೆಯ ಸೀಲು ಹೋದರೆ ಬರಿ ಗಾಳಿ ಸೇರಿ ಇಂಜಿನ್ನು ಕಾದು ಪಿಸ್ಟನ್ನು ಹಿಡಿಯಬಹುದು. ಎರಡರಲ್ಲೂ ಹೊರಗೆ ಸೋರಿಕೆ ಕಾಣದು. ಕ್ರ್ಯಾಂಕು ಬಿಚ್ಚಿದಾಗ ಎರಡೂ ಸೀಲುಗಳನ್ನು ಒಟ್ಟಿಗೇ ಬದಲಿಸುವುದು ಕ್ಷೇಮ.

ಕಟ್ಟಿದ ಮೇಲೆ

ಮೊದಲ ಸಲ ಸ್ಟಾರ್ಟ್ ಮಾಡಿದೊಡನೆ ರಾಕರ್ ಕೊಳವೆಯ ಬ್ಯಾಂಜೋ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಎಣ್ಣೆ ಬರುವುದನ್ನು ಕಣ್ಣಾರೆ ನೋಡಬೇಕು. ಒಂದೆರಡು ನಿಮಿಷದಲ್ಲಿ ಬಾರದಿದ್ದರೆ ಇಂಜಿನ್ನು ನಿಲ್ಲಿಸಿ ಕಾರಣ ಹುಡುಕಬೇಕು. ಒಮ್ಮೆ ಚೆನ್ನಾಗಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಮತ್ತೆ ಬಿಗಿಯಬೇಕು. ಸುಮಾರು 200 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಹೆಡ್ಡಿನ ಬಲಬದಿಯಲ್ಲಿ, ಪುಶ್‌ರಾಡಿನ ಸುರಂಗವಿರುವ ಕಡೆ, ಎಣ್ಣೆ ಒಸರುವುದು ಬಹುತೇಕ ಈ ಕೆಲಸ ಬಿಟ್ಟಾಗಲೇ. ಮೊದಲ 500 ಕಿ.ಮೀ.ಗೆ ಎಣ್ಣೆ ಬದಲಿಸಿ, ಹಳೆಯದನ್ನು ಬಿಳಿ ಬಟ್ಟೆಯ ಮೂಲಕ ಸೋಸಿದರೆ ಒಳಗೆ ಏನು ಸವೆಯುತ್ತಿದೆ, ಅಂಟಿನ ಚೂರೇನಾದರೂ ಬಂದಿದೆಯೇ ಎಂಬುದು ತಿಳಿಯುತ್ತದೆ.

ಹೀಗೆ ತೆಗೆದ ಎಣ್ಣೆಯ ವಿಷಯದಲ್ಲಿ ಬೇಸಾಯಶಾಸ್ತ್ರದವರಾಗಿ ಒಂದು ಮಾತು ಹೇಳಲೇಬೇಕು. ಅದನ್ನು ಬಾವಿಯ ಕಟ್ಟೆಯ ಪಕ್ಕ, ತಿಪ್ಪೆಗೆ ಅಥವಾ ಬದುವಿನ ಮೇಲೆ ಚೆಲ್ಲಬಾರದು. ಎಣ್ಣೆ ಕುಡಿದ ಮಣ್ಣು ನೀರನ್ನು ಹೀರುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಅಲ್ಲಿ ಹಲವು ಕಾಲ ಏನೂ ಸರಿಯಾಗಿ ಹುಟ್ಟದು. ದನಗಳ ಗಾಯಕ್ಕೆ, ಉಣ್ಣೆಗೆ ಇಂಜಿನ್ನಿನ ಕರಿ ಎಣ್ಣೆ ಹಚ್ಚುವ ಅಭ್ಯಾಸವಿದೆ. ಓಡಿದ ಎಣ್ಣೆಯಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳೂ ಲೋಹದ ಸೂಕ್ಷ್ಮ ಕಣಗಳೂ ಇರುತ್ತವೆ. ರಾಸು ನೆಕ್ಕಿದರೆ ಅವು ಹೊಟ್ಟೆಗೆ ಸೇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಮುಂದಿನ ಸಲ ಪೇಟೆಗೆ ಹೋದಾಗ ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು. ಕೈಗೆ ಹತ್ತಿದ್ದನ್ನು ಪೆಟ್ರೋಲಿನಿಂದ ತೊಳೆಯದೆ, ಮರದ ಪುಡಿ ಮತ್ತು ಸೋಪಿನಿಂದ ಉಜ್ಜಿ ತೊಳೆದು ಅನಂತರವೇ ಹಾಲು ಕರೆಯಲು ಕೂರಬೇಕು.